ರಾಬರ್ಟ್ ಫ್ರಾನ್ಸಿಸ್ ಫೇರ್ಲಿ

ರಾಬರ್ಟ್ ಫ್ರಾನ್ಸಿಸ್ ಫೇರ್ಲಿ (ನಿಧನ: ಜುಲೈ 31, 1885) ಸ್ಕಾಟ್ಲೆಂಡ್ ಮೂಲದ ರೈಲ್ವೆ ಎಂಜಿನಿಯರ್. ಎರಡು ತುದಿಗಳಲ್ಲೂ ಹೊಗೆಕೊಳವೆಯಿರುವ 'ಫೇರ್ಲಿ' ಉಗಿ ಎಂಜಿನ್ನಿನ ವಿನ್ಯಾಸಕಾರರೆಂದೂ ನ್ಯಾರೋ ಗೇಜ್ ರೈಲುಮಾರ್ಗಗಳ ಪ್ರಬಲ ಪ್ರತಿಪಾದಕರೆಂದೂ ಇವರು ಪ್ರಸಿದ್ಧರು.

ಆರಂಭಿಕ ಜೀವನ

ಫೇರ್ಲಿ 1830ರ ದಶಕದ ಆರಂಭದಲ್ಲಿ ಗ್ಲಾಸ್ಗೊ ನಗರದಲ್ಲಿ ಜನಿಸಿದರು. ಕ್ರೂ ಮತ್ತು ಸ್ವಿಂಡನ್ ರೈಲ್ವೆ ಕಾರ್ಯಾಗಾರಗಳಲ್ಲಿ ತರಬೇತಿ ಪಡೆದು, 1853ರಲ್ಲಿ ಐರ್ಲೆಂಡಿನ ಲಂಡನ್‌ಡೆರಿ ಮತ್ತು ಕೋಲ್‌ರೇನ್ ರೈಲ್ವೆಯ ಮೇಲ್ವಿಚಾರಕರಾದರು. ಅನಂತರ ಭಾರತದ ಬಾಂಬೆ, ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಸೇವೆ ಸಲ್ಲಿಸಿ, ಲಂಡನ್ನಿಗೆ ಮರಳಿ ಸಲಹಾ ಎಂಜಿನಿಯರ್ ಆಗಿ ವೃತ್ತಿ ಆರಂಭಿಸಿದರು.

ವಿವಾಹ ಮತ್ತು ಮೊಕದ್ದಮೆ

ಲಂಡನ್ನಿನ ಹ್ಯಾಚಮ್ ಕಾರ್ಖಾನೆಯ ಒಡೆಯ, ಎಂಜಿನ್ ತಯಾರಕ ಜಾರ್ಜ್ ಇಂಗ್ಲೆಂಡ್ ಅವರ ಮಗಳು ಎಲೈಜಾ ಆನ್ ಅವರನ್ನು ಫೇರ್ಲಿ 1862ರಲ್ಲಿ ತಂದೆಗೆ ತಿಳಿಯದಂತೆ ವಿವಾಹವಾದರು. ತಂದೆಯ ಒಪ್ಪಿಗೆಯಿದೆಯೆಂದು ಸುಳ್ಳು ಪ್ರಮಾಣ ಮಾಡಿದ ಆರೋಪದ ಮೇಲೆ ಅವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಎಲೈಜಾ ಅವರ ತಾಯಿಯನ್ನು ಇಂಗ್ಲೆಂಡ್ ಕಾನೂನುಬದ್ಧವಾಗಿ ವಿವಾಹವಾಗಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಂದಿತು. ಅಂದಿನ ಕಾನೂನಿನಂತೆ ಅವರ ಒಪ್ಪಿಗೆಗೆ ಬೆಲೆಯಿಲ್ಲದ್ದರಿಂದ ಫೇರ್ಲಿ ಖುಲಾಸೆಗೊಂಡರು.

ಫೇರ್ಲಿ ಎಂಜಿನ್

ಸಾಮಾನ್ಯ ಎಂಜಿನ್ನಿನ ಉದ್ದನೆಯ ಗಟ್ಟಿ ಚೌಕಟ್ಟು ತೀವ್ರ ತಿರುವುಗಳಲ್ಲಿ ಬಾಗುತ್ತಿರಲಿಲ್ಲ. ಅದರ ತೂಕದ ಒಂದು ಪಾಲು ಎಳೆಯುವ ಶಕ್ತಿಯಿಲ್ಲದ ಗಾಲಿಗಳ ಮೇಲೆ ಬಿದ್ದು ವ್ಯರ್ಥವಾಗುತ್ತಿತ್ತು. 1864ರಲ್ಲಿ ಫೇರ್ಲಿ ಇದಕ್ಕೊಂದು ಪರಿಹಾರ ರೂಪಿಸಿ ಪೇಟೆಂಟ್ ಪಡೆದರು. ಈ ವಿನ್ಯಾಸದಲ್ಲಿ ಜೋಡಿ ಬಾಯ್ಲರಿನ ಕುಲುಮೆ ನಡುವೆ ಇದ್ದು, ಇಡೀ ಎಂಜಿನ್ ಪ್ರತ್ಯೇಕವಾಗಿ ತಿರುಗಬಲ್ಲ ಎರಡು ಗಾಲಿಚೌಕಟ್ಟುಗಳ ಮೇಲೆ ಕುಳಿತಿರುತ್ತದೆ. ಪ್ರತಿ ಚೌಕಟ್ಟಿಗೂ ತನ್ನದೇ ಸಿಲಿಂಡರುಗಳಿವೆ. ಎಲ್ಲ ಗಾಲಿಗಳೂ ಎಳೆಯುವುದರಿಂದ ಪೂರ್ಣ ತೂಕ ಹಿಡಿತಕ್ಕೆ ಒದಗುತ್ತದೆ, ತಿರುವುಗಳಲ್ಲಿ ಚೌಕಟ್ಟುಗಳು ಹಳಿಯನ್ನು ಅನುಸರಿಸುತ್ತವೆ.

ಫೆಸ್ಟಿನಿಯೋಗ್ ಪ್ರಯೋಗ

ವೇಲ್ಸ್‌ನ ಫೆಸ್ಟಿನಿಯೋಗ್ ರೈಲ್ವೆ ಬೆಟ್ಟದ ಸ್ಲೇಟು ಕಲ್ಲನ್ನು ಪೋರ್ತ್‌ಮಾಡೊಗ್ ಬಂದರಿಗೆ ಸಾಗಿಸಲು 1836ರಲ್ಲಿ ಆರಂಭವಾಗಿತ್ತು. ಅದರ ಹಳಿಗಳ ಅಂತರ 597 ಮಿ.ಮೀ. ಮಾತ್ರ. ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಾವಾಗಿಯೇ ಇಳಿಯುತ್ತಿದ್ದವು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. 1863ರಲ್ಲಿ ಜಾರ್ಜ್ ಇಂಗ್ಲೆಂಡ್ ಕಾರ್ಖಾನೆಯ ಚಿಕ್ಕ ಉಗಿ ಎಂಜಿನ್‌ಗಳು ಬಂದರೂ ಹೆಚ್ಚುತ್ತಿದ್ದ ಸಾಗಣೆಗೆ ಸಾಲದಾದವು. ಎರಡನೆಯ ಮಾರ್ಗ ಹಾಕುವ ದುಬಾರಿ ಯೋಜನೆಯೂ ಪರಿಶೀಲನೆಯಲ್ಲಿತ್ತು.

ಅದೇ ಕಾರ್ಖಾನೆ 1869ರಲ್ಲಿ ನಿರ್ಮಿಸಿದ ಫೇರ್ಲಿ ಎಂಜಿನ್ 'ಲಿಟಲ್ ವಂಡರ್' ಆ ಅಗತ್ಯವನ್ನು ತಪ್ಪಿಸಿತು. 1870ರ ಫೆಬ್ರವರಿಯಲ್ಲಿ ಫೇರ್ಲಿ ಮತ್ತು ರೈಲ್ವೆಯ ವ್ಯವಸ್ಥಾಪಕ ಚಾರ್ಲ್ಸ್ ಈಸ್ಟನ್ ಸ್ಪೂನರ್ ಏರ್ಪಡಿಸಿದ ಪ್ರಯೋಗಗಳನ್ನು ರಷ್ಯಾದ ನಿಯೋಗವೂ ಸೇರಿದಂತೆ ಹಲವು ತಜ್ಞರು ವೀಕ್ಷಿಸಿದರು. ತಮ್ಮ ಪೇಟೆಂಟನ್ನು ಈ ರೈಲ್ವೆಯು ಶುಲ್ಕವಿಲ್ಲದೆ ಬಳಸಲು ಫೇರ್ಲಿ ಅನುಮತಿ ನೀಡಿದರು.

ನ್ಯಾರೋ ಗೇಜ್ ಪ್ರತಿಪಾದನೆ

ಕಡಿಮೆ ಸಾಗಣೆಯ ಪ್ರದೇಶಗಳಲ್ಲಿ ಅಗಲ ಹಳಿ ಹಾಕುವುದು ದುಂದುಗಾರಿಕೆ, ಮೂರು ಅಡಿಯ ಮಾರ್ಗವೇ ಸಾಕು ಎಂಬುದು ಫೇರ್ಲಿಯವರ ವಾದ. ಬೇರೆ ಬೇರೆ ಗೇಜ್‌ಗಳು ಕೂಡುವಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತದೆಂದು ವಿರೋಧಿಗಳು ಆಕ್ಷೇಪಿಸಿದರು. ಫೆಸ್ಟಿನಿಯೋಗ್ ಮಾದರಿಯಿಂದ ಪ್ರೇರಿತವಾದ ಅಮೆರಿಕದ ಡೆನ್ವರ್ ಮತ್ತು ರಿಯೊ ಗ್ರಾಂಡೆ ರೈಲ್ವೆ ಮೂರು ಅಡಿಯ ಗೇಜನ್ನು ಆಯ್ದುಕೊಂಡಿತು. ಇದೇ ಅವಧಿಯಲ್ಲಿ ಭಾರತದಲ್ಲಿ ಲಾರ್ಡ್ ಮೇಯೊ ಸರ್ಕಾರ ಮಿತವ್ಯಯಕ್ಕಾಗಿ ಮೀಟರ್ ಗೇಜನ್ನು ಜಾರಿಗೆ ತಂದಿತು. ಬೆಂಗಳೂರು–ಮೈಸೂರು ಮಾರ್ಗವೂ ಮೊದಲು ಇದೇ ಗೇಜಿನಲ್ಲಿ ನಿರ್ಮಾಣವಾಯಿತು.

ಕೊನೆಯ ದಿನಗಳು ಮತ್ತು ಪರಂಪರೆ

1870ರ ದಶಕದ ಮಧ್ಯದಲ್ಲಿ ರೈಲ್ವೆ ಕೆಲಸಕ್ಕಾಗಿ ವೆನಿಜುವೆಲಾಕ್ಕೆ ಹೋದಾಗ ಫೇರ್ಲಿಯವರ ಆರೋಗ್ಯ ಕೆಟ್ಟಿತು, ಮತ್ತೆ ಪೂರ್ಣವಾಗಿ ಸುಧಾರಿಸಲಿಲ್ಲ. ಲಂಡನ್ನಿನಲ್ಲಿ ನಿಧನರಾದ ಅವರನ್ನು ವೆಸ್ಟ್ ನಾರ್ವುಡ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಫೇರ್ಲಿ ಎಂಜಿನ್‌ಗಳು ನ್ಯಾರೋ ಗೇಜಿಗಷ್ಟೇ ಸೀಮಿತವಾಗದೆ ಮೆಕ್ಸಿಕೊ ಹಾಗೂ ರಷ್ಯಾದ ಅಗಲ ಹಳಿಗಳ ಘಟ್ಟ ಮಾರ್ಗಗಳಲ್ಲೂ ದುಡಿದವು. ಆದರೆ ಚಲಿಸುವ ಚೌಕಟ್ಟುಗಳಿಗೆ ಉಗಿ ಒಯ್ಯುವ ಕೊಳವೆಗಳ ಕೀಲುಗಳಲ್ಲಿ ಸೋರಿಕೆಯಾಗುತ್ತಿತ್ತು, ಕಲ್ಲಿದ್ದಲು ಮತ್ತು ನೀರಿಗೆ ಸ್ಥಳ ಕಡಿಮೆಯಿತ್ತು. ಈ ಕಾರಣಗಳಿಂದ ಹೆಚ್ಚಿನ ರೈಲ್ವೆಗಳು ಇತರ ವಿನ್ಯಾಸಗಳತ್ತ ಹೊರಳಿದವು. 1872ರ 'ಜೋಸೆಫೀನ್' ಎಂಜಿನ್ ನ್ಯೂಜಿಲೆಂಡಿನ ಡನೀಡನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಶುಲ್ಕವಿಲ್ಲದೆ ಪೇಟೆಂಟ್ ಪಡೆದ ಫೆಸ್ಟಿನಿಯೋಗ್ ರೈಲ್ವೆಯಲ್ಲಿ ಮಾತ್ರ, 1879ರ 'ಮರ್ದಿನ್ ಎಮ್ರಿಸ್' ಸೇರಿದಂತೆ ಜೋಡಿ ಫೇರ್ಲಿ ಎಂಜಿನ್‌ಗಳು ಇಂದಿಗೂ ಪ್ರಯಾಣಿಕರ ಗಾಡಿಗಳನ್ನು ಎಳೆಯುತ್ತಿವೆ.