ಕ್ಯಾನ್ಸರ್‌ಗೆ ಲಸಿಕೆ ಇಲ್ಲವೇ? ಬ್ಲಂಬರ್ಗ್ ಕಥೆ ಓದಿ

ಕ್ಯಾನ್ಸರ್ ತಡೆಯುವ ಲಸಿಕೆಯೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ತಪ್ಪು. ಲಿವರ್ ಕ್ಯಾನ್ಸರ್‌ನ ಮುಖ್ಯ ಕಾರಣಗಳಲ್ಲೊಂದಾದ ಹೆಪಟೈಟಿಸ್ ಬಿ ವೈರಸ್‌ಗೆ ಲಸಿಕೆ ಇದೆ. ಅದಕ್ಕೆ ದಾರಿ ತೆರೆದವರು ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್.

1925ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ವೈರಸ್ ಹುಡುಕಲು ಹೊರಟವರಲ್ಲ. ಒಂದೇ ಕಾಯಿಲೆ ಕೆಲವರಿಗೆ ಮಾತ್ರ ಬರುವುದೇಕೆ ಎಂದು ತಿಳಿಯಲು ಬೇರೆ ಬೇರೆ ದೇಶದವರ ರಕ್ತವನ್ನು ಹೋಲಿಸುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸ ಪ್ರೋಟೀನ್ ಕಂಡಿತು. 1965ರಲ್ಲಿ ಅದನ್ನು ಪ್ರಕಟಿಸಿದರು. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್‌ನ ಹೊರಕವಚವೇ ಅದು ಎಂದು ಆಮೇಲೆ ಖಚಿತವಾಯಿತು. 1969ರಲ್ಲಿ ಇರ್ವಿಂಗ್ ಮಿಲ್‌ಮನ್ ಜೊತೆ ಲಸಿಕೆ ತಯಾರಿಸುವ ವಿಧಾನ ರೂಪಿಸಿದರು. 1976ರಲ್ಲಿ ನೊಬೆಲ್ ಬಂತು.

1981ರಲ್ಲಿ ತೈವಾನ್‌ನ 22,707 ಗಂಡಸರ ಅಧ್ಯಯನ ಪ್ರಕಟವಾಯಿತು. ಈ ವೈರಸ್ ಇದ್ದವರಲ್ಲಿ ಲಿವರ್ ಕ್ಯಾನ್ಸರ್ ಇನ್ನೂರು ಪಟ್ಟಿಗೂ ಹೆಚ್ಚಿತ್ತು. ಅಲ್ಲಿ 1984ರಿಂದ ಹಸುಗೂಸುಗಳಿಗೆ ಲಸಿಕೆ ಹಾಕಿದ ಮೇಲೆ ಮಕ್ಕಳಲ್ಲಿ ಆ ಕ್ಯಾನ್ಸರ್ ಇಳಿಯಿತು. 1986ರಲ್ಲಿ ಬ್ಲಂಬರ್ಗ್ ರಾಮನ್ ಪ್ರಾಧ್ಯಾಪಕರಾಗಿ ಬೆಂಗಳೂರಿಗೂ ಬಂದಿದ್ದರು. 2011ರಲ್ಲಿ ತೀರಿಕೊಂಡರು.

ನಮಗೇನು ಉಪಯೋಗ? ಹೆರಿಗೆ ವೇಳೆ ತಾಯಿಯಿಂದ ಸೋಂಕು ತಗುಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತರಲ್ಲಿ ವೈರಸ್ ದೀರ್ಘಕಾಲ ಉಳಿಯುತ್ತದೆ. ಆದ್ದರಿಂದ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೇ ಬೇಕು. ಮಲವಗೊಪ್ಪವಿರಲಿ, ಭದ್ರಾವತಿಯಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ನೆನಪಿಡಿ: ಲಸಿಕೆ ಸೋಂಕು ತಡೆಯುತ್ತದೆ, ಬಂದ ಸೋಂಕನ್ನು ಗುಣಪಡಿಸುವುದಿಲ್ಲ. ಕಾಮಾಲೆಗೆ ನಾಟಿ ಔಷಧಿ ಕುಡಿದು ಕಣ್ಣಿನ ಹಳದಿ ಇಳಿದರೂ ವೈರಸ್ ಹೋಯಿತೆಂದಲ್ಲ. ರಕ್ತಪರೀಕ್ಷೆ ಮಾಡಿಸಿ. ಒಟ್ಟಿಗೆ ಉಂಡರೆ, ಕೈ ಹಿಡಿದರೆ ಇದು ಹರಡುವುದಿಲ್ಲ.