ಹಿಮ ಸರಿದ ವರ್ಷಗಳನ್ನು ಎಣಿಸಿದ ಡಿ ಗೀರ್

ನೆರೆ ಇಳಿದ ಮೇಲೆ ಹೇಮಾವತಿಯ ದಡದಲ್ಲಿ ಉಳಿಯುವ ಮೆಕ್ಕಲು ಮಣ್ಣನ್ನು ನಾವೆಲ್ಲ ತುಳಿದು ನಡೆದವರೇ. ಅಂಥದೇ ಮಣ್ಣಿನ ಪದರಗಳನ್ನು ಎಣಿಸಿ ಹಿಮಯುಗದ ಕೊನೆಗೆ ವರ್ಷಗಳ ಲೆಕ್ಕ ಕೊಟ್ಟವರು ಸ್ವೀಡನ್ನಿನ ಭೂವಿಜ್ಞಾನಿ ಗೆರಾರ್ಡ್ ಡಿ ಗೀರ್.

ಅವರು 1858ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದರು. 1897ರಲ್ಲಿ ಅಲ್ಲೇ ಪ್ರಾಧ್ಯಾಪಕರಾದರು. ಒಂದು ಕಾಲದಲ್ಲಿ ಆ ನಾಡನ್ನು ದಪ್ಪ ಹಿಮದ ಹಾಸು ಮುಚ್ಚಿತ್ತು. ಅದು ಕರಗುತ್ತ ಉತ್ತರಕ್ಕೆ ಸರಿದಾಗ ಅಂಚಿನಲ್ಲಿ ಕಲ್ಲುಮಣ್ಣಿನ ದಿಬ್ಬಗಳನ್ನೂ ಎದುರಿನ ನೀರಿನ ತಳದಲ್ಲಿ ಜೇಡಿಯ ಪದರಗಳನ್ನೂ ಬಿಟ್ಟಿತು. ಬೇಸಿಗೆಯಲ್ಲಿ ತಿಳಿಬಣ್ಣದ ಸಣ್ಣ ಮರಳು, ಚಳಿಗಾಲದಲ್ಲಿ ಕಪ್ಪು ಜೇಡಿ. ಎರಡೂ ಸೇರಿದರೆ ಒಂದು ವರ್ಷ. ಒಂದು ಜಾಗದ ತಳದ ಪದರ ಯಾವ ವರ್ಷದ್ದೋ, ಹಿಮ ಅಲ್ಲಿಂದ ಸರಿದದ್ದೂ ಆ ವರ್ಷವೇ.

1905ರ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರಿನ ಜೇಡಿಗುಂಡಿಗಳಿಗೆ ಹೋದರು. ಪದರಗಳ ದಪ್ಪವನ್ನು ಕಾಗದದ ಪಟ್ಟಿಗಳ ಮೇಲೆ ಗುರುತು ಮಾಡಿ, ಒಂದು ಗುಂಡಿಯ ಪಟ್ಟಿಗೆ ಇನ್ನೊಂದನ್ನು ಹೊಂದಿಸಿದರು. 1910ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದಲ್ಲಿ ಸುಮಾರು 12,000 ವರ್ಷಗಳ ಕಾಲಗಣನೆ ಮಂಡಿಸಿದರು. ಮುಂದೆ ದೂರದ ಖಂಡಗಳ ಪದರಗಳನ್ನೂ ಸ್ವೀಡನ್ನಿನ ಲೆಕ್ಕಕ್ಕೆ ಹೊಂದಿಸಲು ಹೊರಟದ್ದು ಮಾತ್ರ ನಿಲ್ಲಲಿಲ್ಲ. 1943ರಲ್ಲಿ ತೀರಿಕೊಂಡರು. ಹಿಮದ ಅಂಚಿನ ಸಣ್ಣ ದಿಬ್ಬಗಳ ಸಾಲಿಗೆ ಇಂದಿಗೂ ಅವರದೇ ಹೆಸರು.

ಆ ಹಿಮ ನಮ್ಮ ಸಕಲೇಶಪುರ, ಆಲೂರಿನ ಗುಡ್ಡಗಳಿಗೆ ಬರಲಿಲ್ಲ. ಆದರೂ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ನನಗೆ, ಕಾಗದದ ಪಟ್ಟಿ ಹಿಡಿದ ಆ ವಿದ್ಯಾರ್ಥಿಗಳೇ ದೊಡ್ಡವರಾಗಿ ಕಾಣುತ್ತಾರೆ. ನಮ್ಮ ಶಾಲೆಯ ಮಕ್ಕಳೂ ಕಾಲ ಕೆಳಗಿನ ಮಣ್ಣನ್ನು ಒಮ್ಮೆ ಬಗ್ಗಿ ನೋಡಲಿ.