ದಿವಂಗತ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್: ಸಂಕ್ಷಿಪ್ತ ಜೀವನ ಪರಿಚಯ

ಬೆಂಗಳೂರಿನ ಹಳೆ ಮದರಾಸು ರಸ್ತೆಯನ್ನು ಹಳೆ ವಿಮಾನ ನಿಲ್ದಾಣ ರಸ್ತೆಗೆ ಜೋಡಿಸುವ ಸುರಂಜನ್ ದಾಸ್ ರಸ್ತೆಯ ಹೆಸರನ್ನು ಆ ಭಾಗದ ನಾಗರಿಕರು ತಮ್ಮ ಅರ್ಜಿಗಳ ವಿಳಾಸದಲ್ಲಿ ನಮೂದಿಸುತ್ತಾರೆ. ಆ ಹೆಸರು ಕರ್ತವ್ಯನಿರತರಾಗಿ ಪ್ರಾಣಾರ್ಪಣೆ ಮಾಡಿದ ಪರೀಕ್ಷಾ ವಿಮಾನ ಚಾಲಕರದ್ದು.

1920ರಲ್ಲಿ ಜನಿಸಿದ ಶ್ರೀಯುತರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಶ್ರೀ ಸುಧಿ ರಂಜನ್ ದಾಸ್ ಅವರ ಪುತ್ರರು. ವಾಯುಪಡೆಗೆ ಸೇರಿ, ಇಂಗ್ಲೆಂಡಿನಲ್ಲಿ ಪರೀಕ್ಷಾ ಹಾರಾಟದ ತರಬೇತಿ ಪಡೆದರು.

1956ರಲ್ಲಿ ಜರ್ಮನ್ ತಜ್ಞ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎಚ್‌ಎಫ್-24 ಮರುತ್ ಯುದ್ಧವಿಮಾನದ ವಿನ್ಯಾಸವನ್ನು ಕೈಗೊಂಡರು. ಎಂಜಿನ್ ಅಳವಡಿಸಿ ಹಾರಿಸುವ ಮುನ್ನ ವಿನ್ಯಾಸದ ಗುಣದೋಷಗಳನ್ನು ಅರಿಯಲು, ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ನಿರ್ಮಿಸಲಾಯಿತು. ಸಾಮಾನ್ಯ ಹಗುರ ಗ್ಲೈಡರ್‌ಗಳನ್ನು ನೆಲದ ಮೇಲಿನ ವಿಂಚ್ ಯಂತ್ರವು ಹಗ್ಗ ಸುತ್ತಿಕೊಂಡು ಮೇಲೇರಿಸುವುದುಂಟು. ಎಕ್ಸ್-241 ಎಂಬ ಈ ಗ್ಲೈಡರನ್ನಾದರೋ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಡಲಾಗುತ್ತಿತ್ತು. ಮಡಚುವ ಚಕ್ರಗಳು, ಫ್ಲಾಪ್‌ಗಳು, ವೇಗತಡೆಗಳು ಇದರಲ್ಲಿ ನೈಜ ವಿಮಾನದಂತೆಯೇ ಕೆಲಸ ಮಾಡುತ್ತಿದ್ದವು. 1959ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಹಲವು ಹಾರಾಟಗಳು ನಡೆದವು. ಕೊನೆಗೆ ಇಳಿಯುವಾಗ ಮುಂಭಾಗದ ಚಕ್ರ ಹೊರಬಾರದೆ ಗ್ಲೈಡರ್ ಹಾನಿಗೊಂಡಿತು.

ಹೀಗೆ ದೊರೆತ ಮಾಹಿತಿಯ ಆಧಾರದ ಮೇಲೆ ಸಿದ್ಧಗೊಂಡ ಮರುತ್ ವಿಮಾನವನ್ನು 1961ರ ಜೂನ್ 17ರಂದು ಪ್ರಥಮ ಬಾರಿಗೆ ಹಾರಿಸಿದವರು ಶ್ರೀ ದಾಸ್. 1964ರ ಸೆಪ್ಟೆಂಬರ್‌ನಲ್ಲಿ ಕಿರಣ್ ತರಬೇತಿ ವಿಮಾನದ ಪ್ರಥಮ ಹಾರಾಟವನ್ನೂ ಅವರೇ ನೆರವೇರಿಸಿದರು.

ಗ್ಲೈಡರ್ ಪರೀಕ್ಷೆಯಿಂದ ಹಲವು ಅಪಾಯಗಳು ಮೊದಲೇ ತಿಳಿದರೂ, ಪ್ರತಿ ಹೊಸ ಮಾರ್ಪಾಡು ಮತ್ತೆ ಹೊಸ ಅಪಾಯವನ್ನು ತರುತ್ತದೆ. ಎಂಜಿನ್ ಬಲವನ್ನು ಹೆಚ್ಚಿಸುವ ರಿಹೀಟ್ ವ್ಯವಸ್ಥೆಯುಳ್ಳ ಮರುತ್ ಮಾದರಿಯನ್ನು 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಪರೀಕ್ಷಿಸುತ್ತಿದ್ದಾಗ, ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ವಿಮಾನ ಅಪಘಾತಕ್ಕೀಡಾಗಿ ಶ್ರೀಯುತರು ನಿಧನರಾದರು.

ಮರುತ್ ವಿಮಾನಗಳು 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿ, 1990ರಲ್ಲಿ ನಿವೃತ್ತಿಗೊಂಡವು. ಅನ್ಯ ಚಾಲಕರು ನಿರ್ಭಯವಾಗಿ ಹಾರಲೆಂದು ಮೊದಲ ಅಪಾಯವನ್ನು ತಾವೇ ಸ್ವೀಕರಿಸಿದ ಅಧಿಕಾರಿಯನ್ನು ಈ ರಸ್ತೆಯ ನಾಮಫಲಕವು ಸ್ಮರಿಸುತ್ತದೆ.